ಪ್ಲಗ್ ತೆಗೆದ ಮೇಲೂ

ಸೆಪ್ಟೆಂಬರ್ 3, ಬುಧವಾರ

ಸೊಸೈಟಿಯವರು ಜನವರಿಯಲ್ಲಿ ಕೊಟ್ಟ ಡೈರಿ ಇದು. ಅಕ್ಕಿ ಡಬ್ಬದ ಮುಚ್ಚಳ ಸರಿಯಾಗಿ ಕೂರುವುದಿಲ್ಲವೆಂದು ಇಷ್ಟು ದಿನ ಅದರ ಮೇಲೆ ಭಾರಕ್ಕೆ ಇಟ್ಟಿದ್ದೆ. ಇಂದಿನಿಂದ ಇದರಲ್ಲಿ ಬರೆಯುತ್ತೇನೆ. ಮನೆಯಲ್ಲಿ ಹೇಳಿಕೊಂಡರೆ ಅತ್ತೆ ಅಳುತ್ತಾರೆ. ನಾನು ಬಿಸಿಯೂಟದ ಅಡುಗೆ ಮಾಡುವ ಶಾಲೆಯಲ್ಲಿ ಹೇಳಿಕೊಂಡರೆ ಮಕ್ಕಳ ಸಾರು ಕುದಿಯುವುದರೊಳಗೆ ನಮ್ಮೂರು ಬೆಳಂಬಾರದ ತುಂಬ ಸುದ್ದಿ.

ಇವರಿಗೆ ಶಾಕ್ ಹೊಡೆದು ಇಂದಿಗೆ ಹದಿನೈದು ದಿನ. ಇವರು ಎಂದರೆ ನನ್ನ ಗಂಡ. ಪುಸ್ತಕದಲ್ಲಾದರೂ ಒಮ್ಮೆ ಹೆಸರು ಬರೆದುಬಿಡುತ್ತೇನೆ, ಯಾರು ನೋಡುತ್ತಾರೆ: ಜಗದೀಶ. ಬರೆದು ನಗು ಬಂತು. ಹದಿನೈದು ದಿನದಲ್ಲಿ ಇದೇ ಮೊದಲ ನಗು.

ಇವರದು ಹಗಲು ಗೌಂಡಿ ಕೆಲಸ, ಹಬ್ಬ ಮದುವೆ ಬಂದರೆ ಆರ್ಕೆಸ್ಟ್ರಾದಲ್ಲಿ ಗಿಟಾರು. ಗಿಟಾರಿನ ಆಂಪ್ಲಿಫಯರನ್ನು ಮಡಗಾಂವದ ಮುದಿ ವಾದ್ಯಗಾರನೊಬ್ಬ ಇವರಿಗೆ ಬಿಟ್ಟುಕೊಟ್ಟದ್ದು. ಈಗಿನ ಹಗುರ ಪೆಟ್ಟಿಗೆಯಲ್ಲ. ಒಳಗೆ ಐದು ಗಾಜಿನ ಬಲ್ಬು, ವಾಲ್ವು ಎನ್ನುತ್ತಾರೆ ಇವರು. ಸ್ವಿಚ್ಚು ಹಾಕಿದರೆ ಅವು ಮೆಲ್ಲಗೆ ಕೆಂಪಾಗಬೇಕು, ಬಿಸಿಯಾಗಬೇಕು, ಆಮೇಲೆ ದನಿ. ಎತ್ತಿದರೆ ಸೊಂಟ ಹಿಡಿಯುತ್ತದೆ. ಹನ್ನೊಂದು ವರ್ಷದಿಂದ ನಮ್ಮ ಜೊತೆಗಿದೆ. ನಮ್ಮ ಮದುವೆಗೂ ಅಷ್ಟೇ ವಯಸ್ಸು.

ಆಗಸ್ಟಿನಲ್ಲಿ ಅದು ಚರಚರ ಎನ್ನತೊಡಗಿತು. ಬಿಸಿಯಾದಷ್ಟೂ ಗುಂಯ್ ಎಂದು ಗೋಳಿಡುವುದು. ಒಮ್ಮೆ ಸುಟ್ಟ ವಾಸನೆಯೂ ಬಂತು. ಚೌತಿಗೆ ಎಂಟೇ ದಿನ ಉಳಿದಿತ್ತು. ಇವರು ಪ್ಲಗ್ ತೆಗೆದು, ಹಲಗೆ ಬಿಚ್ಚಿ, ಒಳಗಿನ ತಗಡಿನ ತಟ್ಟೆ ಹೊರಗೆಳೆದು ಕೈ ಹಾಕಿದರು. ಮರುಗಳಿಗೆ ಗೋಡೆಗೆ ಹೋಗಿ ಬಿದ್ದರು. ಪ್ಲಗ್ ತೆಗೆದಿತ್ತು, ನಾನೇ ಕಣ್ಣಾರೆ ಕಂಡಿದ್ದೇನೆ. ವಯರು ನೆಲದ ಮೇಲೆ ಬಿದ್ದುಕೊಂಡಿತ್ತು.

"ಕರೆಂಟೇ ಇಲ್ದೆ ಹೊಡ್ಯೂದು ಅಂದ್ರೆ ಅದು ಕರೆಂಟಲ್ಲ ಮಗಳೇ" ಎಂದು ಅತ್ತೆ ಅಂದಿನಿಂದ ಪೆಟ್ಟಿಗೆಯ ಮುಂದೆ ದೀಪ ಇಡುತ್ತಿದ್ದಾರೆ.

ಎದೆಗೆ ಏನೂ ಆಗಿಲ್ಲ ಎಂದರು ಡಾಕ್ಟರು. ಅಂಗೈಯ ಸುಟ್ಟ ಗಾಯ ಮಾಯಿತು. ಆದರೆ ಇವರು ಗಿಟಾರು ಮುಟ್ಟುವುದಿಲ್ಲ. ಚೌತಿಯ ಕಾರ್ಯಕ್ರಮಕ್ಕೆ ಬೇರೆ ಯಾರೋ ಹೋದರು. ಕೆಲಸದಿಂದ ಬಂದವರು ಜಗಲಿಯಲ್ಲಿ ಕೂತರೆ ಊಟಕ್ಕೆ ಕರೆಯುವವರೆಗೆ ಅಲ್ಲೇ. ಇವರ ಬೆರಳು ಹೀಗೆ ಹದಿನೈದು ದಿನ ಸುಮ್ಮನಿದ್ದದ್ದನ್ನು ನಾನು ಈ ಮೊದಲು ಕಂಡೇ ಇಲ್ಲ. ಊಟದ ತಟ್ಟೆಯ ಮೇಲಾದರೂ ತಾಳ ಹಾಕುತ್ತಿದ್ದವರು. ನನಗೆ ಹೆದರಿಕೆಯಾಗುತ್ತಿದೆ.

ಸೆಪ್ಟೆಂಬರ್ 6, ಶನಿವಾರ

ಅಂಕೋಲೆಯ ರಿಪೇರಿಯವನನ್ನು ಕರೆಸಲೇ ಎಂದು ಕೇಳಿದೆ.

"ಬೇಡ."

"ಎಂತಕ್ಕೆ ಬೇಡ? ಅಂವ ಬಂದು ನೋಡ್ಲಿ."

"ಯಾರೂ ಅದನ್ನ ಬಿಚ್ಚೂದು ಬೇಡ ಅಂದೆ." ದನಿ ಏರಿಸಿಬಿಟ್ಟರು. ನನ್ನ ಮೇಲೆ ದನಿ ಏರಿಸುವ ಜನ ಅಲ್ಲ ಇವರು.

ಪೆಟ್ಟಿಗೆಗೆ ಹಳೇ ಚಾದರ ಹೊದಿಸಿದ್ದೇನೆ. ನನ್ನದೇ ಮನೆಯಲ್ಲಿ ಅದಕ್ಕೆ ಸುತ್ತು ಹಾಕಿ ಓಡಾಡುತ್ತೇನೆ. ಶಾಲೆಯಲ್ಲಿ ಮಿಕ್ಸರಿನ ಸ್ವಿಚ್ಚನ್ನು ಮರದ ಸೌಟಿನ ಹಿಡಿಯಿಂದ ಒತ್ತಿದೆ. ಮಕ್ಕಳು ನೋಡಿ ನಕ್ಕರು. ನಗಲಿ.

ಸೆಪ್ಟೆಂಬರ್ 10, ಬುಧವಾರ

ಪೆಟ್ಟಿಗೆ ಮನೆಯಿಂದ ಹೋಗಬೇಕು. ಅದು ಕಣ್ಣೆದುರು ಇರುವವರೆಗೆ ಇವರು ಮೊದಲಿನಂತೆ ಆಗುವುದಿಲ್ಲ, ಇದು ನನಗೆ ಖಾತ್ರಿ. ಕಾರವಾರದ ರೋಷನನಿಗೆ ಫೋನು ಮಾಡಿದೆ. ಗೋವಾದ ಹೋಟೆಲುಗಳಲ್ಲಿ ಗಿಟಾರು ನುಡಿಸುವ ಹುಡುಗ. ಆ ಪೆಟ್ಟಿಗೆಯ ಮೇಲೆ ಅವನಿಗೆ ಮೊದಲಿಂದ ಕಣ್ಣು.

"ತಕಂತೆ ಅಕ್ಕಾ, ಆದ್ರೆ ಚಾಲೂ ಇರ್ಬೇಕು. ಬಿಣಗಾದಲ್ಲಿ ರಾಮಾ ಮೇಸ್ತ್ರಿ ಅಂತ ಇದ್ದಾರೆ. ಹಳೇ ಮೈಕಿನ ಕಾಲದವರು. ವಾಲ್ವಿನ ಪೆಟ್ಟಿಗೆ ಗೊತ್ತಿದ್ದವರು ಈ ಬದಿಗೆ ಅವರೊಬ್ರೇ."

ರೋಷನ ಕೇಳಿದ್ದಾನೆ ಎಂದಷ್ಟೇ ಇವರಿಗೆ ಹೇಳಿದೆ. ಬೇಸರ ಮಾಡಿಕೊಳ್ಳುತ್ತಾರೆ ಎಂದುಕೊಂಡಿದ್ದೆ. "ಹಂಗೇ ಕೊಟ್ಬಿಡು, ಬಿಚ್ಚಿಸೂದು ಮಾತ್ರ ಬೇಡ" ಎಂದರು. ಹನ್ನೊಂದು ವರ್ಷದ ಪೆಟ್ಟಿಗೆಗೆ ಒಂದೇ ಮಾತು. ಒಳಗೆ ಹೋಗಿ ಅತ್ತುಬಿಟ್ಟೆ. ಹೋಗಬೇಕು ಎಂದವಳೂ ನಾನೇ.

ಸೆಪ್ಟೆಂಬರ್ 14, ಭಾನುವಾರ

ಸುಳ್ಳು ಹೇಳಿ ಹೊರಟೆ. ರೋಷನ ಕೆಲವು ದಿನ ಇಟ್ಟುಕೊಂಡು ನೋಡುತ್ತಾನಂತೆ, ಕೊಟ್ಟು ಬರುತ್ತೇನೆ ಎಂದೆ. ರಿಕ್ಷಾದಲ್ಲಿ ಅಂಕೋಲೆ, ಅಲ್ಲಿಂದ ಕಾರವಾರ ಬಸ್ಸು. ಭಾನುವಾರದ ಸಂತೆಗೆ ಹೋಗುವವರ ಬುಟ್ಟಿಗಳ ನಡುವೆ ಪೆಟ್ಟಿಗೆ ಇಟ್ಟು ಕಾಲಿನಿಂದ ಒತ್ತಿ ಹಿಡಿದೆ. ಬಾಳೆಗುಳಿಯಲ್ಲಿ ಹತ್ತಿದ ಮೀನಿನ ಹೆಂಗಸು ಅದರ ಮೇಲೆ ಕೂರಲು ಬಂದಳು. "ಹೇ ಬಾಯಿ, ಒಳಗೆ ಗಾಜು ಅದೆ" ಎಂದು ಕೂಗಿಕೊಂಡೆ. ಅವಳು ಕೂತರೆ ಶಾಕ್ ಹೊಡೆದೀತು ಎಂಬ ಹೆದರಿಕೆಯೂ ಇತ್ತು, ಅದನ್ನು ಹೇಳಲಿಲ್ಲ.

ಬಿಣಗಾದಲ್ಲಿ ಹೆದ್ದಾರಿ ಪಕ್ಕದ ಸಾಲು ಮನೆಗಳಲ್ಲಿ ಕೊನೆಯದು ಮೇಸ್ತ್ರಿಯದು. ಎಪ್ಪತ್ತೈದು ದಾಟಿದ ಮನುಷ್ಯ. ಕಣ್ಣು ಮಂಜು, ಕೈ ನಡುಕ.

"ನಂಗೆ ಕಿವಿ ಅದೆ, ಮೂಗದೆ, ತಲೆ ಅದೆ. ಕೈ ಒಂದು ಇಲ್ಲ. ಅದು ನಿಂದು" ಎಂದರು.

"ನಾನಾ? ನಾ ಮುಟ್ಟೂದಿಲ್ಲ ಮೇಸ್ತ್ರಿಗಳೇ."

"ಹಂಗಾದ್ರೆ ತಕಂಡು ಹೋಗು."

ತೆಗೆದುಕೊಂಡು ಹೋಗುವುದಾದರೂ ಎಲ್ಲಿಗೆ?

ಮೊದಲು ಸ್ವಿಚ್ಚು ಹಾಕಿಸಿದರು. ಸ್ಪೀಕರಿಗೆ ಕಿವಿಯಿಟ್ಟು ಚರಚರವನ್ನೂ ಗುಂಯ್ ಅನ್ನುವುದನ್ನೂ ಕೇಳಿಸಿಕೊಂಡು ಆರಿಸಿ, ಪ್ಲಗ್ ತೆಗೆಸಿದರು. ಆಮೇಲೆ ತಟ್ಟೆ ಹೊರಗೆಳೆಯುವುದಿತ್ತು. ಕರಿಮಣಿ ಸರ ರವಿಕೆಯೊಳಗೆ ಹಾಕಿಕೊಳ್ಳಲು ಹೇಳಿದರು. ಉಂಗುರ ತೆಗೆಸಿದರು.

"ಒಂದೇ ಕೈ ಒಳಗೆ. ಎಡಗೈ ಕಿಸೆಯಲ್ಲಿ. ಎರಡೂ ಕೈ ಹಾಕಿದ್ರೆ ಕರೆಂಟು ಈ ಕೈಯಿಂದ ಆ ಕೈಗೆ ಎದೆ ಮೇಲೇ ದಾಟ್ತದೆ."

"ಸೀರೆಗೆ ಎಲ್ಲಿ ಕಿಸೆ?"

"ಸೊಂಟಕ್ಕೆ ಸಿಕ್ಸ್ಕ."

ಎಡಗೈ ಮುಷ್ಟಿ ಮಾಡಿ ಸೊಂಟದ ಸೆರಗಿನೊಳಗೆ ತುರುಕಿಕೊಂಡೆ. ಮೀಟರಿನ ಕಡ್ಡಿಯನ್ನು ಎಲ್ಲಿ ತಾಗಿಸಬೇಕೆಂದು ಅವರು ಹೇಳಿದರು, ತಾಗಿಸಿದೆ. ಮುಳ್ಳು ಮುನ್ನೂರಕ್ಕೆ ಹೋಗಿ ನಿಂತಿತು. ಪ್ಲಗ್ ನನ್ನ ಕಾಲ ಬಳಿ ನೆಲದ ಮೇಲೆ ಬಿದ್ದಿತ್ತು.

"ಡಬ್ಬಿ ಡಬ್ಬಿ ಕಾಣ್ತದ್ಯಲಾ, ಅದು ಕಂಡೆನ್ಸರು. ಪಂಪು ನಿಲ್ಸಿದ್ರೆ ಟಾಂಕಿ ನೀರು ಖಾಲಿ ಆಗ್ತದ್ಯಾ? ಹಂಗೇ ಇದು. ನಿನ್ನ ಗಂಡಂಗೆ ಹೊಡ್ದದ್ದು ಇದೇ."

ಡಬ್ಬಿ ಮೆಲ್ಲಗೆ ಖಾಲಿಯಾಗಲೆಂದು ಅವರು ಕೊಟ್ಟ, ರೆಸಿಸ್ಟರು ಕಟ್ಟಿದ ವಯರಿನ ಒಂದು ತುದಿ ತಗಡಿಗೆ, ಇನ್ನೊಂದು ತುದಿ ಡಬ್ಬಿಯ ಕಾಲಿಗೆ ತಾಗಿಸಿದೆ. ಮುಳ್ಳು ಇಳಿಯತೊಡಗಿತು. ಇನ್ನೂರು, ನೂರು, ಐವತ್ತು. ಸೊನ್ನೆಗೆ ಬಂದಾಗ ನಾನು ಉಸಿರು ಬಿಟ್ಟದ್ದು ಅವರಿಗೂ ಕೇಳಿಸಿತು, ನಕ್ಕರು. ಮೂರು ಸಲ ಅಳೆಯಿಸಿದರು. ಇವತ್ತಿಗೆ ಇಷ್ಟು ಸಾಕು, ಮುಂದಿನ ಭಾನುವಾರ ಬಾ ಎಂದರು. ಪೆಟ್ಟಿಗೆಯನ್ನು ಅಲ್ಲೇ ಬಿಟ್ಟು ಬಸ್ಸು ಹತ್ತಿದೆ.

ಸೆಪ್ಟೆಂಬರ್ 15, ಸೋಮವಾರ

ಅದು ಕರೆಂಟೇ ಎಂದು ಅತ್ತೆಗೆ ಹೇಳಿದೆ. ಟಾಂಕಿಯ ಮಾತು ಅವರಿಗೆ ಹಿಡಿಸಲಿಲ್ಲ. "ನಿಂಗೆ ಯಾರು ಹೇಳ್ದವ್ರು?" ಎಂದರು. ಹಾಲು ಉಕ್ಕಿತೆಂದು ಒಳಗೆ ಓಡಿದೆ. ಶಾಲೆಯಲ್ಲಿ ಮಿಕ್ಸರ್ ಹಾಕಿದ್ದು ಬೆರಳಿನಿಂದಲೇ. ಸೌಟು ಸಾರಿನಲ್ಲಿತ್ತು.

ಸೆಪ್ಟೆಂಬರ್ 21, ಭಾನುವಾರ

ಬರೆಯಲು ಕೈ ಬರುತ್ತಿಲ್ಲ. ಆದರೂ ಬರೆಯುತ್ತೇನೆ.

ಸಂತೆಗೆಂದು ಹೇಳಿ ಬಿಣಗಾಕ್ಕೆ ಹೋಗಿದ್ದೆ. ಇವತ್ತು ಬಲ್ಬುಗಳನ್ನು ಒಂದೊಂದಾಗಿ ಕಿತ್ತು ಬಟ್ಟೆಯ ಮೇಲೆ ಸಾಲಾಗಿ ಇಟ್ಟೆ. ದೊಡ್ಡವು ಎರಡು, ಸಣ್ಣವು ಮೂರು. ಯಾವುದು ಯಾವ ಗೂಡಿನದು ಎಂದು ಚೀಟಿ ಬರೆದಿಟ್ಟೆ. ಮೇಸ್ತ್ರಿ ತಟ್ಟೆಯ ಹತ್ತಿರ ಮೂಗು ತಂದರು.

"ಇದೆಂಥ? ಅಡುಗೆಮನೆ ವಾಸ್ನೆ?"

ದೊಡ್ಡ ಬಲ್ಬಿನ ಗೂಡಿನಲ್ಲಿ ಕಡ್ಡಿ ಆಡಿಸಲು ಹೇಳಿದರು. ಹಳದಿ ಅಂಟು ಹತ್ತಿಕೊಂಡು ಬಂತು. ಎರಡು ತೂತುಗಳ ನಡುವೆ ಕೂದಲೆಳೆಯಷ್ಟು ಕಪ್ಪು ಗೆರೆ, ಸುಟ್ಟದ್ದು.

"ತೆಂಗಿನೆಣ್ಣೆ" ಎಂದರು. "ಎಣ್ಣೆಗೆ ಧೂಳು ಹಿಡೀತು, ಧೂಳಿಗೆ ಉಪ್ಪುಗಾಳಿ ಹಿಡೀತು. ಮುನ್ನೂರು ವೋಲ್ಟಿಗೆ ಅಷ್ಟು ದಾರಿ ಸಿಕ್ರೆ ಸಾಕು, ಹಾರಿ ಹಾರಿ ಸುಟ್ಟದೆ. ಚರಚರ ಅನ್ನೂದು ಇದೇ. ಗುಂಯ್ ಅನ್ನೂದೂ ಇದೇ. ಯಾವ ಪುಣ್ಯಾತ್ಮನಪ್ಪಾ ವಾಲ್ವಿಗೆ ಎಣ್ಣೆ ಹಚ್ದಂವ!"

"ನಂಗೊತ್ತಿಲ್ಲ" ಎಂದೆ.

ನನಗೆ ಗೊತ್ತು. ಹಚ್ಚಿದವಳು ನಾನು.

ಸಮುದ್ರದ ಗಾಳಿಗೆ ನಮ್ಮಲ್ಲಿ ಯಾವ ಲೋಹ ಉಳಿದಿದೆ? ಮಳೆಗಾಲ ಬಂತೆಂದರೆ ಕತ್ತಿ, ತುರಿಮಣೆ, ಬಾಗಿಲಿನ ತಿರುಗಣಿ, ಹೊಲಿಗೆ ಮೆಷಿನ್ನು, ಎಲ್ಲಕ್ಕೂ ಎಣ್ಣೆ ಬಟ್ಟೆ ಉಜ್ಜುವುದು ನನ್ನ ಕೆಲಸ. ನನ್ನ ಅವ್ವ ಮಾಡಿದ್ದು, ಅತ್ತೆ ಮಾಡಿದ್ದು. ಜುಲೈಯಲ್ಲಿ ಇವರು ಕೆಲಸಕ್ಕೆ ಹೋದಾಗ ಪೆಟ್ಟಿಗೆಯ ಹಿಂದಿನಿಂದ ಇಣುಕಿದೆ. ಬಲ್ಬುಗಳ ಕಾಲಿಗೆ ಹಸಿರು ಹತ್ತಿತ್ತು. ಪಾಪ ಎನಿಸಿತು. ಒಂದೊಂದನ್ನೇ ಕಿತ್ತು ಎಣ್ಣೆ ಉಜ್ಜಿದೆ. ಗೂಡಿನ ತೂತುಗಳಿಗೆ ಕೋಳಿಗರಿ ಅದ್ದಿ ಬಿಟ್ಟೆ, ಒಂದು ತೂತನ್ನೂ ಬಿಡಲಿಲ್ಲ. ಎಷ್ಟು ನಿಗಾ ಮಾಡಿದ್ದೆ ದೇವರೇ.

ನಾನು ಎಣ್ಣೆ ಹಚ್ಚದಿದ್ದರೆ ಪೆಟ್ಟಿಗೆ ಕೆಡುತ್ತಿರಲಿಲ್ಲ. ಕೆಡದಿದ್ದರೆ ಇವರು ಬಿಚ್ಚುತ್ತಿರಲಿಲ್ಲ. ಗೋಡೆಗೆ ಎಸೆದದ್ದು ನಾನೇ.

ಸೆಪ್ಟೆಂಬರ್ 22, ಸೋಮವಾರ

ಊಟ ಸೇರಲಿಲ್ಲ.

ಸೆಪ್ಟೆಂಬರ್ 25, ಗುರುವಾರ

ಶಾಲೆಗೆ ದಸರಾ ರಜೆ. ಮನೆಯಲ್ಲಿ ತಪ್ಪಿಸಿಕೊಳ್ಳಲು ಮೂಲೆಯೇ ಇಲ್ಲ. ಇವರು ಮಧ್ಯಾಹ್ನ ಊಟಕ್ಕೆ ಬಂದಾಗ ಹೇಳಿಬಿಡೋಣ ಎಂದುಕೊಂಡೆ. ಬಾಯಿ ತೆರೆದೆ. "ಸಾರಿಗೆ ಉಪ್ಪು ಸಾಕಾ?" ಎಂಬ ಮಾತು ಬಂತು. ಸಾಕು ಎಂದರು.

ಹೇಳಿದರೆ ಏನಾಗುತ್ತದೆ? ಬೈಯಲಿಕ್ಕಿಲ್ಲ. ಬೈದರೆ ಸುಲಭ. ನನ್ನನ್ನೊಮ್ಮೆ ನೋಡಿ ಸುಮ್ಮನಾದರೆ? ಈಗ ಪೆಟ್ಟಿಗೆಯಿಂದ ಮುಖ ತಿರುಗಿಸುವವರು ಆಗ ನನ್ನಿಂದ ತಿರುಗಿಸುತ್ತಾರೆ. ಹೇಳದೆ ಪೆಟ್ಟಿಗೆ ರೋಷನನಿಗೆ ದಾಟಿಸಿದರೆ ಯಾರಿಗೂ ಗೊತ್ತಾಗುವುದಿಲ್ಲ. ಆದರೆ ಗಿಟಾರು ಗೋಡೆಯ ಮೊಳೆಯಲ್ಲೇ ಉಳಿಯುತ್ತದೆ. ದಿನಾ ಅದರ ಕೆಳಗೆ ಕಸ ಗುಡಿಸುವವಳು ನಾನು.

ಸಂಜೆ ಕತ್ತಿಗೆ ತುಕ್ಕು ಕಂಡಿತು. ಎಣ್ಣೆ ಹಚ್ಚಲಿಲ್ಲ.

ಸೆಪ್ಟೆಂಬರ್ 28, ಭಾನುವಾರ

ಕೆಲಸ ಶುರು ಮಾಡುವ ಮೊದಲೇ ಮೇಸ್ತ್ರಿಗೆ ಹೇಳಿದೆ. "ಎಣ್ಣೆ ಹಚ್ಚಿದವಳು ನಾ."

ಅವರಿಗೆ ಆಶ್ಚರ್ಯವೇನೂ ಆಗಲಿಲ್ಲ. "ನಮ್ಮವ್ವ ರೇಡಿಯೋಕ್ಕೆ ಹಚ್ಚಿದ್ದಳು. ಸಮುದ್ರದ ಬದಿ ಹೆಂಗಸ್ರು ಎಣ್ಣೆ ಹಚ್ಚದೇ ಬಿಟ್ಟ ಸಾಮಾನು ಎಂಥದ್ದು ಅದೆ? ನಂಗೆ ಹೇಳಿ ಪ್ರಯೋಜನ ಇಲ್ಲ ತಂಗಿ, ಹೇಳ್ಬೇಕಾದವಂಗೆ ಹೇಳು. ಈಗ ಅಳ್ಬೇಡ, ಕಣ್ಣೀರೂ ಉಪ್ಪೇ. ಗೂಡಿಗೆ ಬಿದ್ರೆ ಮತ್ತೆ ಕೆಲಸ."

ಸುಟ್ಟ ಗೂಡನ್ನು ಬಿಚ್ಚಿ ಹೊಸದು ಕೂರಿಸಿದೆವು. ಬೆಸುಗೆಯ ಕಡ್ಡಿ ಹಿಡಿದದ್ದು ನಾನು. ಉಳಿದ ನಾಲ್ಕು ಗೂಡುಗಳನ್ನು ಸ್ಪಿರಿಟ್ ಅದ್ದಿದ ಹತ್ತಿಯಿಂದ ಒರೆಸಿದೆ. ಹತ್ತಿ ಬೆಳ್ಳಗೆ ಹೊರಬರುವ ತನಕ, ಒಂದೊಂದಕ್ಕೆ ಹತ್ತು ಸಲ. ಒಣಗಲು ಬಿಟ್ಟು ಬಲ್ಬುಗಳನ್ನು ಚೀಟಿ ನೋಡಿ ಅವುಗಳ ಜಾಗಕ್ಕೇ ಕೂರಿಸಿದೆ. ಸ್ಪೀಕರಿನ ವಯರು ಸಿಕ್ಕಿಸಿದ್ದೇನೆಯೇ ಎಂದು ಎರಡು ಸಲ ನೋಡಿದೆ. ಅದಿಲ್ಲದೆ ಚಾಲೂ ಮಾಡಿದರೆ ಒಳಗಿನ ಟ್ರಾನ್ಸ್‌ಫಾರ್ಮರ್ ಸುಡುತ್ತದಂತೆ.

ನೇರ ಕರೆಂಟಿಗೆ ಹಾಕಲಿಲ್ಲ. ನಡುವೆ ನೂರು ವ್ಯಾಟಿನ ಸಾದಾ ಬಲ್ಬೊಂದನ್ನು ಸೀರೀಸಿನಲ್ಲಿ ಜೋಡಿಸಿಟ್ಟಿದ್ದರು. ಒಳಗೆ ಇನ್ನೂ ಎಲ್ಲಾದರೂ ಶಾರ್ಟ್ ಆಗಿದ್ದರೆ ಆ ಬಲ್ಬು ಉರಿಯುತ್ತಲೇ ಇರುತ್ತದೆ, ಸರಿಯಿದ್ದರೆ ಮಂದವಾಗುತ್ತದೆ. ಸ್ವಿಚ್ಚು ಹಾಕಿದೆ. ಬಲ್ಬು ಝಗ್ಗೆಂದು ಉರಿಯಿತು. ಆರಿಸಲು ಹೋದ ನನ್ನ ಕೈಯನ್ನು ಮೇಸ್ತ್ರಿ ತಡೆದರು. ಆಮೇಲೆ ಅದು ಇಳಿಯಿತು, ಇನ್ನೂ ಇಳಿಯಿತು, ಒಳಗಿನ ತಂತಿ ಕೆಂಪಗೆ ಕಾಣುವಷ್ಟಾಯಿತು.

ನೇರ ಕರೆಂಟಿಗೆ ಹಾಕಿದ ಮೇಲೆ ಮೇಸ್ತ್ರಿ ಪೆನ್ಸಿಲಿನಿಂದ ಬಲ್ಬುಗಳನ್ನು ಮೆಲ್ಲಗೆ ತಟ್ಟಿಸಿದರು. ಮೂರನೆಯ ಸಣ್ಣದಕ್ಕೆ ತಟ್ಟಿದಾಗ ಸ್ಪೀಕರಿನಲ್ಲಿ ಟಿಂಗ್ ಎಂದಿತು. ಇದಕ್ಕೆ ವಯಸ್ಸಾಯಿತು ಎಂದೆ. ಅವರು ತಲೆಯಾಡಿಸಿ ತಮ್ಮ ಡಬ್ಬಿಯಿಂದ ಒಂದು ತೆಗೆದುಕೊಟ್ಟರು. ಬದಲಿಸುವಾಗ, ಡಬ್ಬಿ ಖಾಲಿ ಮಾಡಿ ಮುಟ್ಟು ಎಂದು ಹೇಳಬೇಕೆಂದು ಕಾದಿದ್ದರಂತೆ. ನಾನು ಆಗಲೇ ಪ್ಲಗ್ ಕಿತ್ತು, ಎಡಗೈ ಸೊಂಟಕ್ಕೆ ಸಿಕ್ಕಿಸಿಕೊಂಡು ಮುಳ್ಳು ನೋಡುತ್ತಾ ಕೂತಿದ್ದೆ. ಸೊನ್ನೆ ಬರಲು ಇಷ್ಟು ಹೊತ್ತೇ ಎಂದು ಬೇಜಾರಾಗುತ್ತಿತ್ತು.

ಪೆಟ್ಟಿಗೆ ಮನೆಗೆ ತಂದೆ. "ರೋಷನ ವಾಪಸ್ ಕೊಟ್ನಾ?" ಎಂದರು ಇವರು. ಶನಿವಾರ ಬಂದು ಒಯ್ಯುತ್ತಾನಂತೆ ಎಂದೆ. ಮೂರು ದಿನದಿಂದ ಬಾಯಿಪಾಠ ಮಾಡಿದ ಮಾತನ್ನು ಇವತ್ತೂ ಹೇಳಲಿಲ್ಲ.

ಅಕ್ಟೋಬರ್ 1, ಬುಧವಾರ

ಆಯುಧಪೂಜೆ. ಇವರ ಕರಣಿ, ತೂಕದ ಗುಂಡು, ಹಾರೆ, ಕತ್ತಿ, ನನ್ನ ತುರಿಮಣೆ ಎಲ್ಲ ತೊಳೆದು ಅಂಗಳದಲ್ಲಿ ಸಾಲಾಗಿ ಇಟ್ಟೆ. ಅತ್ತೆ ಗಿಟಾರನ್ನೂ ತಂದಿಟ್ಟರು. ಪೆಟ್ಟಿಗೆಯನ್ನೂ ಎಳೆಸಿದರು. ಮನೆ ಬಿಡುವ ಮೊದಲು ಒಂದು ಪೂಜೆ ಕಾಣಲಿ ಅದು ಎಂದರು. ನಾನು ಎಣ್ಣೆ ಬಟ್ಟೆ ಹಿಡಿದು ಕರಣಿಯಿಂದ ಶುರು ಮಾಡಿದೆ. ಇವರು ಜಗಲಿಯಲ್ಲಿ ಕೂತಿದ್ದರು.

"ಪೆಟ್ಟಿಗೆಗೂ ಒಂಚೂರು ಸವರು ಮಗಳೇ, ಹಿಂದಿನ ತಗಡಿಗೆ ತುಕ್ಕು ಬಂದೀತು" ಎಂದರು ಅತ್ತೆ.

ನನ್ನ ಕೈ ಅಲ್ಲೇ ನಿಂತಿತು.

"ಅದಕ್ಕೆ ಬೇಡ ಆಯಿ" ಎಂದರು ಇವರು. "ಬಲ್ಬಿನ ಬುಡಕ್ಕೆ ಎಣ್ಣೆ ಆಗೂದಿಲ್ಲ."

ಬಲ್ಬಿನ ಬುಡದ ಮಾತು ಯಾರೂ ಎತ್ತಿರಲಿಲ್ಲ. ಅತ್ತೆ ಹೂವು ಕೊಯ್ಯಲು ಹಿತ್ತಿಲಿಗೆ ಹೋದರು. ನಾನು ಬಟ್ಟೆ ಹಿಡಿದೇ ಜಗಲಿಯ ಬಳಿ ಹೋದೆ.

"ನಿಮಗೆ ಹೆಂಗೆ ಗೊತ್ತು?"

"ತಟ್ಟೆ ಎಳೆದ ಕೂಡ್ಲೇ ವಾಸ್ನೆ ಬಂತು. ನಮ್ಮನೆ ಎಣ್ಣೆದೇ."

"ಅವತ್ತೇ ಗೊತ್ತಿತ್ತಾ? ಅದಕ್ಕೇ ಯಾರೂ ಬಿಚ್ಚೂದು ಬೇಡ ಅಂದದ್ದಾ?"

"ರಿಪೇರಿಯವ ಬಂದ್ರೆ ನಿನ್ನೆದುರಿಗೇ ಹೇಳ್ತಿದ್ದ. ಆಯಿ ಕೇಳ್ತಿದ್ದಳು. ನಾಳೆ ಊರೇ ಹೇಳ್ತಿತ್ತು."

"ಹೇಳ್ಲಿ! ನೀವಾದ್ರೂ ನಂಗೆ ಹೇಳ್ಬೇಕಿತ್ತು. ಎರಡು ಬೈಬೇಕಿತ್ತು!"

ಇವರು ನನ್ನ ಕೈಯಲ್ಲಿದ್ದ ಬಟ್ಟೆಯನ್ನು ನೋಡುತ್ತಾ ಹೇಳಿದರು. "ಹೇಳಿದ್ರೆ ನೀ ಮತ್ತೆ ನನ್ನ ಯಾವ ಸಾಮಾನೂ ಮುಟ್ಟೂದಿಲ್ಲಾಗಿತ್ತು."

ನನಗೆ ಅಳುವೂ ಬಂತು, ಕೆಟ್ಟ ಸಿಟ್ಟೂ ಬಂತು. ನಲವತ್ತಮೂರು ದಿನ! ಆ ಮೌನವನ್ನು ಕಂಡು ಮನುಷ್ಯ ಕೈತಪ್ಪಿ ಹೋದ ಎಂದು ನಾನು ಸಾಯುತ್ತಿದ್ದೆ. ಬಿಣಗಾ, ಮೇಸ್ತ್ರಿ, ಸುಳ್ಳು, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ, ಬಾಯಿಗೆ ಬಂದಂತೆ ಬೈದೆ. ಅತ್ತೆ ಹೂವಿನ ಬುಟ್ಟಿ ಹಿಡಿದು ಬಂದವರು ಹಾಗೇ ಹಿಂದಿರುಗಿದರು.

ಬೈದು ಮುಗಿದ ಮೇಲೆ ಇವರು ಮೆಲ್ಲಗೆ ಹೇಳಿದರು. "ಡಬ್ಬಿ ಖಾಲಿ ಮಾಡಿ ಕೈ ಹಾಕು ಅಂತ ಮಡಗಾಂವದ ಅಜ್ಜ ಹೇಳಿದ್ದ. ಹಬ್ಬದ ಗಡಿಬಿಡಿಲಿ ಬಿಟ್ಟೆ. ತಪ್ಪು ನಂದೂ ಅದೆ. ಗಿಟಾರು ಕಂಡ್ರೆ ಈಗ್ಲೂ ಭುಜ ಝುಂ ಅಂತದೆ ಜಯಂತಿ. ಹೆದ್ರಿಕೆ ನಂಗೆ."

ಹೆದರಿಕೆ ಎಂಬ ಮಾತನ್ನು ಇವರ ಬಾಯಲ್ಲಿ ನಾನು ಕೇಳಿದ್ದೇ ಇಲ್ಲ. ಪಕ್ಕದಲ್ಲಿ ಕೂತೆ. ಪೂಜೆಗೆ ತಡವಾಯಿತು.

ಅಕ್ಟೋಬರ್ 4, ಶನಿವಾರ

ಬೆಳಿಗ್ಗೆ ರೋಷನನ ಫೋನು. ಟೆಂಪೋ ಹೇಳಿದ್ದೇನೆ, ಹತ್ತು ಗಂಟೆಗೆ ಬರುತ್ತೇನೆ ಎಂದ.

"ಬರ್ಬೇಡ ಮಾರಾಯ. ಕೊಡೂದಿಲ್ಲ."

"ಎಂತಾಯ್ತು ಅಕ್ಕಾ?"

"ಇವರು ನುಡಿಸ್ತಾ ಇದ್ದಾರೆ" ಎಂದೆ.

ಶುದ್ಧ ಸುಳ್ಳು. ಇವರು ಬಾವಿಕಟ್ಟೆಯಲ್ಲಿ ಹಲ್ಲುಜ್ಜುತ್ತಿದ್ದರು. ಕೇಳಿಸಿತು ಎಂದು ಅವರ ಬೆನ್ನು ನೋಡಿಯೇ ಗೊತ್ತಾಯಿತು. ಬಾಯಿ ತೊಳೆದರು, ಚಾ ಕುಡಿದರು. ಆಮೇಲೆ ಮೊಳೆಯಿಂದ ಗಿಟಾರು ಇಳಿಸಿ ಶ್ರುತಿ ಮಾಡಿದರು. ವಯರನ್ನು ಪೆಟ್ಟಿಗೆಗೆ ಸಿಕ್ಕಿಸಲು ಹೋದ ಕೈ ಅರ್ಧದಲ್ಲಿ ನಿಂತಿತು. ನಾನು ತೆಗೆದುಕೊಂಡು ಸಿಕ್ಕಿಸಿದೆ. ಸ್ವಿಚ್ಚನ್ನೂ ನಾನೇ ಹಾಕಿದೆ. ಬಲ್ಬುಗಳು ಕೆಂಪಾಗುವವರೆಗೆ ಇಬ್ಬರೂ ಪೆಟ್ಟಿಗೆಯ ಹಿಂದೆ ಬಗ್ಗಿ ನೋಡುತ್ತಿದ್ದೆವು.

ಹತ್ತು ನಿಮಿಷ ನುಡಿಸಿದರು. ಬೆರಳಿನ ತುದಿ ಮೆತ್ತಗಾಗಿತ್ತು, ತಂತಿ ಕೊರೆಯುತ್ತಿತ್ತು. ಎರಡು ಕಡೆ ತಪ್ಪಿದರು. ನಾನು ಸ್ವಿಚ್ಚಿನ ಮೇಲಿನ ಕೈ ತೆಗೆಯಲಿಲ್ಲ.

"ಸಾಕು, ಬೆರಳು ಉರೀತದೆ" ಎಂದರು.

"ಇನ್ನೊಂದು" ಎಂದೆ.